ಕೆಂಪಕ್ಷರದ ಅಂಕಲ್ ಬರೆಯುವುದೇನೆಂದರೆ

ಬಾಲಕಿಯರ ವಸತಿನಿಲಯಗಳ ಮೇಲಧಿಕಾರಿಗಳಾದ ಮಾನ್ಯರೇ,

ಆದವಾನಿಯ ವಸತಿನಿಲಯದ ಗೇಟಿಗೆ ನೀವು ಅಂಟಿಸಿರುವ ಹೊಸ ಆದೇಶದಿಂದಾಗಿ ನನ್ನ ಅಕ್ಕನ ಮಗಳು ಸುಹಾಸಿನಿ ಬರುವ ಶನಿವಾರ ಕರ್ನೂಲಿನ ಖೋ ಖೋ ಪಂದ್ಯಕ್ಕೆ ಹೋಗದಂತಾಗಿದೆ. ತಂಡದಲ್ಲಿ ಆಕೆಯ ಹೆಸರಿದೆ, ಕಾಲಲ್ಲಿ ಓಟವಿದೆ. ಇಲ್ಲದ್ದು ಒಂದೇ, ಖುದ್ದಾಗಿ ಬಂದು "ಕಳಿಸಿರಿ" ಎನ್ನುವ ತಂದೆ, ತಾಯಿ ಅಥವಾ ಗಾರ್ಡಿಯನ್. "ಅಂಕಲ್‌ಗಳಿಗೆ ಅವಕಾಶವಿಲ್ಲ" ಎಂದು ಕೆಂಪಕ್ಷರದಲ್ಲಿ ಬರೆಸಿದ್ದೀರಿ. ಆ ಕೆಂಪಕ್ಷರದ ಅಂಕಲ್ ನಾನೇ. ಚಿಪ್ಪಗಿರಿ ಮಂಡಲದಲ್ಲಿ ನನ್ನಷ್ಟು ಚೆಂದ ಪತ್ರ ಬರೆಯುವವನು ಇನ್ನೊಬ್ಬನಿಲ್ಲ. ಇದ್ದರೆ ಅವನ ಪತ್ರವನ್ನೂ ನಾನೇ ಬರೆದುಕೊಟ್ಟಿರುತ್ತೇನೆ. ಆದ್ದರಿಂದ ಪೂರ್ತಿ ಓದಬೇಕು.

ಅಕ್ಕ ರಾಮಲಕ್ಷ್ಮಿ ಮತ್ತು ಬಾವ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆ. ನಮ್ಮ ಕಡೆಯ ಅರ್ಧ ಊರೇ ಪ್ರತಿ ವರ್ಷ ಹೀಗೆ ಹೋಗುತ್ತದೆ, ಇದು ನಿಮಗೂ ಗೊತ್ತು. ಹೆತ್ತವರು ಸುಗ್ಗಿಗೆ ಹೋದರೆ ಮಕ್ಕಳು ಬರುವವರೆಗೂ ಸೋದರಮಾವನ ಪಾಲು. ಇದು ಯಾವ ಸರ್ಕಾರವೂ ಬರೆದದ್ದಲ್ಲ, ಯಾವ ಸರ್ಕಾರವೂ ಅಳಿಸಿದ್ದಲ್ಲ. ಅಕ್ಕ ಲಾರಿ ಹತ್ತುವ ಮೊದಲು ಮಗಳ ಕೈ ತಂದು ನನ್ನ ಕೈಯಲ್ಲಿಟ್ಟು, "ಸುಂಕಪ್ಪಾ, ಇನ್ನ ನೀ ಉಂಟು, ಆಕಿ ಉಂಟು" ಅಂದಳು. ಅಷ್ಟೇ ನಮ್ಮ ಕರಾರು. ಫೋನಿನಲ್ಲಿ ಅಕ್ಕನ ಕೈಲಿ ಹೇಳಿಸಿದರೆ, "ಆ ಕಡೆ ಮಾತಾಡುವುದು ಯಾರೋ ಏನೋ" ಎಂದಿರಿ. ಹೊಲದ ನಡುವೆ ನಿಂತು ಒಬ್ಬಳು ತಾಯಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು, ಸ್ವಾಮಿ. ಮೋಸ ಮಾಡುವವರು ಅಷ್ಟು ಜೋರಾಗಿ ಕೂಗುತ್ತಾರೆಯೇ?

ಹೋದ ಭಾನುವಾರದ್ದನ್ನು ನೀವು ಮರೆತಿರಲಾರಿರಿ, ತಪಾಸಣೆಗೆ ಬಂದು ಗೇಟಿನಲ್ಲೇ ಇದ್ದಿರಿ. ಮೊದಲು ಬಂದವನು ದುರುಗಣ್ಣ, ನಮ್ಮ ಬಾವನ ತಮ್ಮ. ಹುಡುಗಿಗೆ ಉಗ್ಗಾಣಿ, ಬಜ್ಜಿ ಕಟ್ಟಿಸಿಕೊಂಡು ತಂದಿದ್ದ. ಆಮೇಲೆ ಬಂದವನು ಮರಿಬಸಪ್ಪ, ನಮ್ಮ ತಂಗಿಯ ಗಂಡ. ಅವನೂ ಉಗ್ಗಾಣಿ, ಬಜ್ಜಿ ತಂದಿದ್ದ. ಕೊನೆಗೆ ನಾನು. ನನ್ನ ಕೈಯಲ್ಲಿ ಏನಿತ್ತೆಂದು ಹೇಳಬೇಕಿಲ್ಲ. ಒಬ್ಬರು ಬಂದದ್ದು ಒಬ್ಬರಿಗೆ ತಿಳಿಯದು. ಅಪ್ಪ ಅಮ್ಮ ಇಲ್ಲದ ಮಗುವಿರುವ ಊರಿಗೆ ಹೋಗಿ ಮುಖ ನೋಡದೆ ಬಂದರೆ ಮನೆಯ ಹೆಂಗಸರು ನೀರೂ ಕೊಡುವುದಿಲ್ಲ. ಸಂಬಂಧವೇನು ಎಂದು ಕೇಳಿದ್ದಕ್ಕೆ ಮೂವರೂ ಒಂದೇ ತಪ್ಪು ಮಾಡಿದೆವು: ಸರ್ಕಾರಿ ಗೇಟಲ್ಲವೇ, ಇಂಗ್ಲಿಷಿನಲ್ಲಿ ಹೇಳಿದರೆ ಬೇಗ ತೆರೆದೀತೆಂದು "ಅಂಕಲ್" ಎಂದೆವು.

ಗೇಟು ಕಾಯುವ ಲಿಂಗಕ್ಕ ಹಣೆ ಬಡಿದುಕೊಂಡಳು. "ಯಣ್ಣಾ, ಹೊತ್ತು ಮುಳುಗೋದ್ರೊಳಗ ಇನ್ನೆಷ್ಟು ಮಂದಿ ಅಂಕಲ್ ಬರೋರದಾರ? ಸಂತಿ ಹಚ್ಚೀರೇನು ಇಲ್ಲಿ?"

ನೀವು ಕನ್ನಡಕ ಸರಿಮಾಡಿಕೊಂಡು, "ಈ ಹುಡುಗಿಗೆ ಒಟ್ಟು ಎಷ್ಟು ಜನ ಅಂಕಲ್?" ಎಂದಿರಿ. ಅಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ನಮ್ಮ ಬಳಗದ ಮಾತು ಬಂದರೆ ನನ್ನ ಎದೆ ತಾನಾಗಿ ಉಬ್ಬುತ್ತದೆ.

"ಮೂರು ಮಂದಿಗೇ ಗಾಬರಿಯಾದ್ರ ಹ್ಯಾಂಗ್ರಿ ಸಾರ್? ನಮ್ಮೂರಾಗ ಮೀಸಿ ಬಂದೋರೆಲ್ಲಾ ಆಕಿಗೆ ಅಂಕಲ್ಲೇ!"

"ಅದಕ್ಕೇ ನಾಳೆಯೇ ಈ ಗೇಟಿಗೊಂದು ಆದೇಶ ಅಂಟಿಸುತ್ತೇನೆ. ಆಟೋದವನೂ ಅಂಕಲ್, ಐಸ್ ಮಾರುವವನೂ ಅಂಕಲ್. ನಡೀರಿ."

ಜಗುಲಿಯಿಂದ ಸುಹಾಸಿನಿ ಕೂಗಿದಳು: "ಮಾವಾ, ಸಾಕು ಮಾಡೋ! ನಿನ್ನ ಬಾಯಿಂದ ನನ್ನ ಆಟ ಹೋಗ್ತೈತಿ!" ನೀವು ಆ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಏಳನೆಯದು ಓದಿದವನು, ಬಿಡುವವನಲ್ಲ. ನಮ್ಮೂರ ಮೇಷ್ಟ್ರನ್ನು ಹಿಡಿದು ಇಂಗ್ಲಿಷ್ ನಿಘಂಟು ತೆಗೆಸಿದೆ. ಆ ಒಂದು ಪದದಲ್ಲಿ ಎಷ್ಟು ಜನ ಕೂತಿದ್ದಾರೆ ನೋಡಿರಿ! ಅಪ್ಪನ ಅಣ್ಣ, ಅಪ್ಪನ ತಮ್ಮ, ಅಮ್ಮನ ಒಡಹುಟ್ಟಿದವನು, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ, ಇವರಾರೂ ಅಲ್ಲದ ದಾರಿಹೋಕ ಹಿರಿಯ. ಹಿಂದೆ ಒತ್ತೆ ಇಟ್ಟುಕೊಂಡು ಸಾಲ ಕೊಡುವವನನ್ನೂ ಇಂಗ್ಲಿಷರು ಹಾಗೇ ಕರೆಯುತ್ತಿದ್ದರಂತೆ. ಅಮೆರಿಕದ ಹುಡುಗರು ಜಗಳದಲ್ಲಿ ಕೆಳಗೆ ಬಿದ್ದರೆ, ಸೋತೆನೆಂದು ಒಪ್ಪಲು "ಅಂಕಲ್" ಎನ್ನಬೇಕಂತೆ. ನಮ್ಮಲ್ಲಿ ಕೆಳಗೆ ಬಿದ್ದ ಹುಡುಗ "ಮಾವಾ" ಎಂದು ಕೂಗಿದರೆ ಮೇಲೆ ಕೂತವನು ಎದ್ದು ಓಡುತ್ತಾನೆ. ಈ "ಮಾವ"ನಿಗೆ ಇಂಗ್ಲಿಷಿನಲ್ಲಿ ಸಮಾನಾರ್ಥಕ ಕೊಡಿರಿ ಎಂದರೆ ಮೇಷ್ಟ್ರು ಪುಟ ತಿರುವಿ ತಿರುವಿ, "ಇದಕ್ಕ ಬ್ಯಾರೆ ಪದ ಇಲ್ಲೋ ಸುಂಕಪ್ಪ" ಎಂದು ನಿಘಂಟು ಮುಚ್ಚಿಟ್ಟರು.

ದುರುಗಣ್ಣ ಆಕೆಗೆ ಕಾಕ, ಮರಿಬಸಪ್ಪ ಸಣ್ಣಪ್ಪ, ನಾನು ಸೋದರಮಾವ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಜವಳದ ದಿನ ಆಕೆಯ ಮೊದಲ ಕೂದಲಿಗೆ ಕತ್ತರಿ ಮುಟ್ಟಿಸಿದವನು ನಾನು. ಕಿವಿ ಚುಚ್ಚುವಾಗ ಆಕೆ ಕೂತದ್ದು ನನ್ನ ತೊಡೆಯ ಮೇಲೆ. ಅಕ್ಕಸಾಲಿಗನ ಸಿಟ್ಟನ್ನು ನನ್ನ ಮುಂಗೈ ಕಚ್ಚಿ ತೀರಿಸಿಕೊಂಡಳು. ಗುರುತು ಇನ್ನೂ ಇದೆ, ಬೇಕಾದರೆ ಅದಕ್ಕೊಂದು ಸರ್ಕಾರಿ ಮೊಹರು ಒತ್ತಿಸಿ ತರುತ್ತೇನೆ. ಆ ತೊಡೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತೀರಿ? ಗಾರ್ಡಿಯನ್ ಎನ್ನಲು ನಾಲಿಗೆ ಹೊರಳುವುದಿಲ್ಲವೇ?

ಆದೇಶವನ್ನೇ ಹರಿದು ಹಾಕಿರಿ ಎಂದು ನಾನು ಹೇಳುತ್ತಿಲ್ಲ. ಅಂಕಲ್ ಎಂದು ಹೇಳಿಕೊಂಡು ಎಂಥೆಂಥ ಗಂಡಸರು ಹೆಣ್ಣುಮಕ್ಕಳ ಗೇಟಿಗೆ ಬರುತ್ತಾರೆಂಬುದು ನನಗೂ ಗೊತ್ತು. ಬೀಗ ಇರಲಿ, ಇನ್ನೊಂದು ಹಾಕಿಸಿರಿ. ಆದರೆ ಹುಡುಗಿಯ ಕಾವಲಿಗೆಂದು ಮಾಡಿದ ನಿಯಮದಲ್ಲಿ ಹುಡುಗಿಯನ್ನೇ ಒಂದು ಮಾತು ಕೇಳುವ ಏರ್ಪಾಡು ಏಕಿಲ್ಲ? ನಿಘಂಟಿಗೆ ಗೊತ್ತಿಲ್ಲದಿರಬಹುದು, ನಿಮಗೆ ಗೊತ್ತಿಲ್ಲದಿರಬಹುದು, ನಾನು ಯಾರೆಂದು ಆಕೆಗೆ ಗೊತ್ತಿಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ. ಶುಕ್ರವಾರ ಸಂಜೆ ನಾನೊಬ್ಬನೇ ಗೇಟಿಗೆ ಬರುತ್ತೇನೆ. ಉಳಿದಿಬ್ಬರನ್ನು ಹೆದರಿಸಿ ಊರಲ್ಲೇ ಕೂರಿಸಿದ್ದೇನೆ. ನೀವು ಸುಹಾಸಿನಿಯನ್ನು ಕರೆಸಿ, ನನ್ನನ್ನು ದೂರ ನಿಲ್ಲಿಸಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಕೇಳಿರಿ: ಇವನು ಯಾರು, ಇವನ ಮಾತಿನ ಮೇಲೆ ನೀನು ಹೋಗುತ್ತೀಯಾ? "ಒಲ್ಲೆ" ಎಂದರೆ ನಾನು ಬಂದ ಬಸ್ಸಿಗೇ ಹಿಂತಿರುಗುತ್ತೇನೆ, ನಿಮ್ಮ ಗೇಟನ್ನು ಹೊಗಳಿ ಇನ್ನೊಂದು ಪತ್ರ ಬರೆಯುತ್ತೇನೆ. "ಹೂಂ" ಎಂದರೆ ಶನಿವಾರ ಬೆಳಿಗ್ಗೆ ತಂಡದ ಬಸ್ಸಿನಲ್ಲಿ ಆಕೆಗೆ ಸೀಟಿರಬೇಕು. ಕೇಳಲೇ ಇಲ್ಲವೆಂದರೆ ನಾನು ಗೇಟು ಬಿಟ್ಟು ಕದಲುವುದಿಲ್ಲ. ಪರಿಶೀಲಿಸಲಾಗುವುದು ಎಂಬ ಉತ್ತರವನ್ನೂ ಕಳಿಸಬೇಡಿರಿ. ಅದು ಬರುವಷ್ಟರಲ್ಲಿ ಆಟ ಮುಗಿದು, ಬೇರೆಯವರ ಮಗಳು ಗೆದ್ದ ಕಪ್ ಹಿಡಿದು ಮನೆಗೆ ಹೋಗಿರುತ್ತಾಳೆ.

ಇಂತಿ,
ನಿಮ್ಮ ಪ್ರಕಾರ ಯಾರೂ ಅಲ್ಲದ,
ರಾಮಲಕ್ಷ್ಮಿಯ ಬೆನ್ನಿಗೆ ಬಿದ್ದ ತಮ್ಮ
ಸುಂಕಪ್ಪ