ನನ್ನ ಈಜಿಗೆ ಕಲ್ಲು ಹಾಕಿದವರು

ತಿಪಟೂರು
9 ಜುಲೈ 2024

ಪ್ರೀತಿಯ ವಿಮಲಕ್ಕನಿಗೆ ಗಿರಿಜೆಯ ನಮಸ್ಕಾರಗಳು.

ಯುಗಾದಿಗೆ ನೀನು ಬರೆದ ಕಾಗದಕ್ಕೆ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿದೆಯಲ್ಲ ಅನ್ನುತ್ತೀಯ. ಈ ಮನೆಯಲ್ಲಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಜಗಲಿಗೆ ಕೇಳುತ್ತದೆ. ಈಗ ಬರೆಯುವ ವಿಷಯ ಯಾರ ಕಿವಿಗೂ ಬೀಳಬಾರದು.

ಭಾವನವರ ಮೊಣಕಾಲು ನೋವು ಹೇಗಿದೆ? ನಿನ್ನ ಮಗಳು ಭಾನುಪ್ರಿಯಾಗೆ ನೋಡುತ್ತಿದ್ದ ಚಿಕ್ಕನಾಯಕನಹಳ್ಳಿಯ ಸಂಬಂಧ ಎಲ್ಲಿಗೆ ಬಂತು? ಇಲ್ಲಿ ನಮ್ಮ ಯಜಮಾನರು ಕೊಬ್ಬರಿ ಧಾರಣೆಯ ಹಿಂದೆ ಬಿದ್ದು ಊಟದ ಹೊತ್ತಿಗೂ ಮಂಡಿ ಬಿಟ್ಟು ಬರುವುದಿಲ್ಲ. ಮಗನೂ ಅವರ ಜೊತೆಗೇ. ಮನೆಯಲ್ಲಿ ನಾನು, ಸೊಸೆ ಲಿಖಿತಾ ಇಬ್ಬರೇ.

ಅಕ್ಕ, ನನ್ನ ಈಜಿಗೆ ಯಾರೋ ಕಲ್ಲು ಹಾಕುತ್ತಿದ್ದಾರೆ. ನಗಬೇಡ. ಬಿಳಿಗೆರೆಯ ತೋಟದ ಬಾವಿಯಲ್ಲಿ ಮುಳುಗದಿರಲೆಂದು ನನ್ನ ಬೆನ್ನಿಗೆ ಜೋಡಿ ಒಣ ತೆಂಗಿನಕಾಯಿ ಕಟ್ಟಿ ನೀರಿಗೆ ತಳ್ಳಿದವಳು ನೀನು. ನೀರು ಅಂದರೆ ನನಗೇನು ಅಂತ ನಿನಗಲ್ಲದೆ ಇನ್ಯಾರಿಗೆ ಗೊತ್ತು? ಮದುವೆಯಾದ ಮೇಲೆ ಬಿಟ್ಟುಹೋಗಿದ್ದನ್ನು ಐವತ್ತು ದಾಟಿದ ಮೇಲೆ ಹಿಡಿದೆ. ಹೋದ ವರ್ಷ ಮೈಸೂರಿನಲ್ಲಿ ಹಿರಿಯರ ಸ್ಪರ್ಧೆಯಲ್ಲಿ ಚಿನ್ನ ಬಂದಾಗ ಮತ್ತೆ ಹುಡುಗಿಯಾದ ಹಾಗೆ ಅನ್ನಿಸಿತ್ತು.

ಆದರೆ ಸಂಕ್ರಾಂತಿಯ ಈಚೆಗೆ ನಾನು ವಾರದಿಂದ ವಾರಕ್ಕೆ ಹಿಂದೆ ಬೀಳುತ್ತಿದ್ದೇನೆ. ಈಜುಕೊಳದಲ್ಲಿ ಹೇಳಿಕೊಡುವ ದಯಾನಂದ ಗೊತ್ತಲ್ಲ, ಅರಳಗುಪ್ಪೆಯ ಸ್ಕೂಲಿನಲ್ಲಿ ನಿನ್ನ ಶಿಷ್ಯನಾಗಿದ್ದವನು. ಪ್ರತಿ ಸಲವೂ ಸ್ಟಾಪ್‌ವಾಚ್ ನೋಡಿ ತಲೆಯಾಡಿಸುತ್ತಾನೆ. "ಇವತ್ತೂ ನಿಧಾನ ಕಣಮ್ಮ. ವಯಸ್ಸಾಯ್ತಲ್ವಾ, ಒಂದು ಹೆಸ್ರು ಬಂತಲ್ಲ, ಸಾಕು ಬುಡಿ" ಅನ್ನುತ್ತಾನೆ. ಮೈಯಲ್ಲಿ ನೋವಿಲ್ಲ, ಉಬ್ಬಸವಿಲ್ಲ. ಇದ್ದಕ್ಕಿದ್ದ ಹಾಗೆ ನಿಧಾನವಾಗಲು ನನಗೇನಾಗಿದೆ?

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಲಿಖಿತಾಳ ಮೇಲೆ ನನಗೆ ಅನುಮಾನ. ಬೆಳಿಗ್ಗೆ ನಾನು ಕೊಳಕ್ಕೆ ಹೊರಡುವ ಮೊದಲು ಹಾಲು ಕಾಯಿಸಿ ಕೊಡುತ್ತಾಳೆ. ಮೊನ್ನೆ ಲೋಟಕ್ಕೆ ಏನೋ ಪುಡಿ ಹಾಕಿ ಕದಡುತ್ತಿದ್ದಳು, ನನ್ನನ್ನು ಕಂಡ ಕೂಡಲೇ ಪೊಟ್ಟಣವನ್ನು ಡಬ್ಬಿಯ ಹಿಂದೆ ತಳ್ಳಿದಳು. ಅತ್ತೆ ಮನೆಯಲ್ಲೇ ಬಿದ್ದಿರಲಿ, ಅಡುಗೆಗೆ ಒಂದು ಕೈ ಆಗಲಿ ಎಂದು ನಿದ್ದೆಯ ಮಾತ್ರೆ ಅರೆದು ಹಾಕುತ್ತಾಳೋ ಏನೋ. ಆವತ್ತಿನಿಂದ ಹಾಲನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದೇನೆ.

ಯಜಮಾನರ ಮೇಲೂ ನಂಬಿಕೆಯಿಲ್ಲ. ಪದಕ ಬಂದಾಗ ಮಂಡಿಯಲ್ಲೆಲ್ಲ ಪೇಡ ಹಂಚಿದವರು ಈಗ ಈಜಿನ ಮಾತೆತ್ತಿದರೆ ಟೀವಿಯ ಸದ್ದು ಜೋರು ಮಾಡುತ್ತಾರೆ. ಇನ್ನು ತುರುವೇಕೆರೆಯಿಂದ ಬಸ್ಸಿನಲ್ಲಿ ಬರುವ ವನಜಾಕ್ಷಿ, ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಹೋದ ವರ್ಷ ನನ್ನ ಹಿಂದೆ ಎರಡನೆಯವಳಾಗಿ ಬಂದಳು. "ನಿಮ್ಮ ತೋಳು ನೋಡಿದ್ರೆ ದೃಷ್ಟಿಯಾಗ್ಬೇಕು ಕಣ್ರೀ" ಎಂದು ನಿಪ್ಪಟ್ಟು ಕೊಡುತ್ತಾಳೆ. ಅದನ್ನೂ ಸೆರಗಿನಲ್ಲಿ ಕಟ್ಟಿ ತಂದು ಬೀದಿಯ ಹಸುವಿಗೆ ಹಾಕುತ್ತೇನೆ.

ಅಕ್ಟೋಬರಿನಲ್ಲಿ ಮತ್ತೆ ಮೈಸೂರಿನ ಸ್ಪರ್ಧೆ. ಹೋಗಲೋ ಬೇಡವೋ? ಯಾರು ಹೀಗೆ ಮಾಡುತ್ತಿರಬಹುದು, ನೀನೇ ಯೋಚಿಸಿ ಬರಿ. ನಿನ್ನನ್ನು ಬಿಟ್ಟು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ನಿನ್ನ ತಂಗಿ
ಗಿರಿಜೆ

ತಿಪಟೂರು
4 ನವೆಂಬರ್ 2024

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಗೌರಿಹಬ್ಬಕ್ಕೆ ಮುಂಚೆಯೇ ಬಂದಿತ್ತು. "ಯಾರನ್ನೂ ಅನುಮಾನಿಸಬೇಡ, ನಿನ್ನ ಮೈ ಸೋತಿದೆ ಅಷ್ಟೆ, ಮರ್ಯಾದೆಯಾಗಿ ನಿಲ್ಲಿಸು" ಎಂದು ಬರೆದಿದ್ದೆ. ಉತ್ತರಿಸಲು ಇಷ್ಟು ದಿನ ಹಿಡಿಯಿತು, ಕ್ಷಮಿಸು. ನಡೆದದ್ದು ಅಷ್ಟಿದೆ.

ಮೊದಲು ಲಿಖಿತಾಳ ಕತೆ. ಒಂದು ಬೆಳಿಗ್ಗೆ ಗಿಡಕ್ಕೆ ಹಾಲು ಸುರಿಯುತ್ತಿದ್ದಾಗ ಹಿಂದೆಯೇ ಬಂದು ನಿಂತಿದ್ದಳು.

"ಹಾಲು ಕೆಟ್ಟಿತ್ತಾ ಅತ್ತೆ?"

ನನಗೆ ಸುಳ್ಳು ಹೊಳೆಯಲಿಲ್ಲ. "ಅದರಲ್ಲಿ ಏನು ಹಾಕ್ತೀಯ ನೀನು?" ಎಂದು ಕೇಳಿಯೇಬಿಟ್ಟೆ.

ಒಳಗೆ ಹೋಗಿ ಪೊಟ್ಟಣ ತಂದು ನನ್ನ ಅಂಗೈಗೆ ಸುರಿದಳು. ಬಾದಾಮಿ, ಉತ್ತುತ್ತೆ ಕುಟ್ಟಿದ ಪುಡಿ. "ನಂಗೆ ನಿಶ್ಶಕ್ತಿ ಅಂತ ಅಮ್ಮ ಕಳ್ಸಿದ್ದು. ನೀವು ಈಜಿ ಸುಸ್ತಾಗ್ತೀರಲ್ಲ, ನಿಮಗಿರಲಿ ಅಂದ್ಕೊಂಡೆ. ಗೊತ್ತಾದ್ರೆ ನೀವು ಕುಡೀತಿರಲಿಲ್ಲ, ಅದಕ್ಕೇ ಮುಚ್ಚಿಟ್ಟೆ" ಎಂದಳು. ಅಷ್ಟು ಹೇಳಿ ಒಳಗೆ ಹೋದವಳು ಆ ದಿನವೆಲ್ಲ ನನ್ನ ಮುಖ ನೋಡಲಿಲ್ಲ. ರಾತ್ರಿ ನಾನೇ ಹತ್ತಿರ ಹೋಗಿ, ಯಾರೋ ನನ್ನ ಈಜಿಗೆ ಕಲ್ಲು ಹಾಕುತ್ತಿದ್ದಾರೆ ಎಂದು ಹೇಳಿಕೊಂಡೆ.

ಮಾರನೆಯ ದಿನ ತಾನೇ ಸ್ಕೂಟರ್ ತೆಗೆದಳು. "ಹತ್ತಿ ಅತ್ತೆ. ಯಾರು ಏನ್ ಮಾಡ್ತಾವ್ರೆ, ನಾನೂ ನೋಡ್ತೀನಿ."

ಕೊಳದ ಕಟ್ಟೆಯ ಮೇಲೆ ಕೂತು ತನ್ನ ಫೋನಿನಲ್ಲಿ ಸಮಯ ಹಿಡಿದಳು. ನಾನು ಗೋಡೆ ಮುಟ್ಟಿದೆ. ದಯಾನಂದ ಎಂದಿನಂತೆ ತಲೆಯಾಡಿಸಿ ಸಮಯ ಹೇಳಿದ. ಲಿಖಿತಾ ಎದ್ದು ನಿಂತಳು. "ನನ್ನ ಫೋನಲ್ಲಿ ಐದು ಸೆಕೆಂಡ್ ಕಮ್ಮಿ ಐತೆ ಸಾರ್. ಇನ್ನೊಂದು ಸಲ ನೋಡಾಣ." ಇನ್ನೊಂದು ಸಲವೂ ಅಷ್ಟೇ, ಮತ್ತೊಂದು ಸಲವೂ ಅಷ್ಟೇ. ನಾನು ನೀರಿನಿಂದ ಮೇಲೆ ಬರುವಷ್ಟರಲ್ಲಿ ದಯಾನಂದನ ಕಣ್ಣು ತುಂಬಿತ್ತು.

"ತಪ್ಪಾಯ್ತು ಕಣಮ್ಮ. ನಿಮಗೆ ಹಾರ್ಟ್ ತೊಂದ್ರೆ ಐತೆ, ಅದು ನಿಮಗೇ ಗೊತ್ತಿಲ್ಲ ಅಂದ್ರು. ಹೇಳಿದ್ರೆ ಎದೆ ಒಡ್ಕೋತಾಳೆ, ಅವಳಾಗೇ ನಿಲ್ಸೋ ಹಂಗೆ ಮಾಡು ಅಂದ್ರು. ನೀರಲ್ಲೇ ಏನಾರ ಆದ್ರೆ ಏನ್ ಗತಿ ಅಂತ ನಂಗೂ ಭಯ ಆಯ್ತು."

"ಯಾರಪ್ಪ ಹಂಗಂದೋರು?"

"ಅದೊಂದು ಕೇಳಬೇಡಿ" ಎಂದು ಕೈಮುಗಿದ.

ಯಜಮಾನರಲ್ಲದೆ ಇನ್ಯಾರು ಎಂದುಕೊಂಡು ಮನೆಗೆ ಬಂದೆ. ಅವರು ಊಟಕ್ಕೆ ಕೂತಾಗ ಕೇಳಿದೆ. ಮುರಿದ ಮುದ್ದೆ ಕೈಯಲ್ಲೇ ಉಳಿಯಿತು. "ನಿಂಗೇನು ತಲೆ ಕೆಟ್ಟೈತಾ? ಬೇಡ ಅನ್ನಂಗಿದ್ರೆ ನಿನ್ನ ಎದುರಿಗೇ ಅಂತಿದ್ದೆ. ನೀನು ಸೋತು ಬಂದು ಮುಖ ಸಣ್ಣಗೆ ಮಾಡ್ಕೋತೀಯಲ್ಲ, ಏನು ಹೇಳ್ಬೇಕೋ ತಿಳೀದೆ ಟೀವಿ ಜೋರು ಮಾಡ್ತಿದ್ದೆ ಕಣೇ" ಎಂದರು. ಮರುದಿನ ಮಂಡಿಗೆ ಹೋಗದೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, "ಹೃದಯ ಗಟ್ಟಿಯಾಗಿದೆ, ಈಜಿ" ಎಂದರು.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಲಿಖಿತಾಳ ಫೋನು ಹೇಳಿದ ನಿಜವಾದ ಸಮಯವೂ ಹೋದ ವರ್ಷಕ್ಕಿಂತ ಹಿಂದೆಯೇ ಇತ್ತು. ತಿಂಗಳುಗಟ್ಟಲೆ ನಿಧಾನ, ನಿಧಾನ ಎಂದು ಕೇಳಿ ನನ್ನ ತೋಳುಗಳೇ ಅದನ್ನು ನಂಬಿಬಿಟ್ಟಿದ್ದವು. ಅರ್ಧ ದೂರ ಹೋಗುವಷ್ಟರಲ್ಲಿ ದಡದಲ್ಲಿ ಯಾರಿದ್ದಾರೆ, ಯಾರು ನಗುತ್ತಿದ್ದಾರೆ ಎಂದು ತಲೆ ಎತ್ತುತ್ತಿದ್ದೆ. ತಲೆ ಎದ್ದರೆ ಕಾಲು ಮುಳುಗುತ್ತದೆ. ದಯಾನಂದನೇ ಹೇಳಿದ: "ನೀವು ಈಜ್ತಾ ಇಲ್ಲ ಅಮ್ಮ, ಕಾವಲು ಕಾಯ್ತಾ ಇದೀರಿ." ಸಿಟ್ಟು ಬಂತು. ಕಾವಲು ಕಾಯುವ ಹಾಗೆ ಮಾಡಿದವನು ಅವನೇ ತಾನೆ? ಆದರೂ ಮಾತು ನಿಜವಾಗಿತ್ತು. ಸ್ಟಾಪ್‌ವಾಚನ್ನು ಅವನ ಕೈಯಿಂದ ಇಸಿದುಕೊಂಡು ಲಿಖಿತಾಳ ಚೀಲಕ್ಕೆ ಹಾಕಿದೆ. ಸ್ಪರ್ಧೆಯವರೆಗೆ ಯಾರೂ ಸಮಯ ಹಿಡಿಯಕೂಡದು ಎಂದೆ.

ಉಳಿದದ್ದನ್ನು ಮಾಡಿದವಳು ಯಾರು ಗೊತ್ತೇ? ವನಜಾಕ್ಷಿ. ನಡೆದದ್ದನ್ನೆಲ್ಲ ಕೇಳಿ, "ನನ್ನ ನಿಪ್ಪಟ್ಟೂ ಹಸೂಗೇ ಹೋಯ್ತೇನ್ರೀ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ದಿನವೂ ಪಕ್ಕದ ಸಾಲಿನಲ್ಲಿ ನನಗೆ ಜೊತೆಯಾಗಿ ಈಜಿದಳು. ನಾನು ತಲೆ ಎತ್ತಿದರೆ ಸಾಕು, ಮುಖಕ್ಕೆ ನೀರು ಎರಚಿ "ಒಳಗೆ ಹಾಕ್ರೀ ಮುಖಾನ!" ಎಂದು ಕೂಗುತ್ತಿದ್ದಳು. ನನ್ನನ್ನು ಸೋಲಿಸಬೇಕಾದವಳು ಅವಳು. ಯಾಕೆ ಹೀಗೆ ಮಾಡುತ್ತೀರಿ ಎಂದರೆ, "ಸೋತವಳನ್ನ ಸೋಲ್ಸಿ ನಂಗೇನು ಬರ್ಬೇಕು?" ಎಂದಳು. ಎಷ್ಟೋ ದಿನ ನೀರು ಕುಡಿದೆ. ಒಂದು ಬೆಳಿಗ್ಗೆ ಮಾತ್ರ ಎದುರಿನ ಗೋಡೆ ಕೈಗೆ ತಗಲಿದ ಮೇಲೆಯೇ ದಡದವರ ನೆನಪಾಯಿತು.

ಮೈಸೂರಿನಲ್ಲಿ ಚಿನ್ನ ವನಜಾಕ್ಷಿಗೆ, ಬೆಳ್ಳಿ ನನಗೆ. ಆದರೆ ಅಕ್ಕ, ಹೋದ ವರ್ಷ ಚಿನ್ನ ತಂದ ಈಜಿಗಿಂತ ಈ ಬೆಳ್ಳಿಯ ಈಜು ಜೋರಾಗಿತ್ತು. ಫಲಿತಾಂಶ ಕೇಳಿ ಲಿಖಿತಾ ಚಪ್ಪಲಿ ಹಾಕಿಕೊಂಡೇ ಕೊಳದ ಅಂಚಿಗೆ ಓಡಿಬಂದು ಕಾವಲುಗಾರನಿಂದ ಬೈಸಿಕೊಂಡಳು. ಯಜಮಾನರು ವನಜಾಕ್ಷಿಗೂ ಸೇರಿಸಿ ಪೇಡ ತಂದಿದ್ದರು.

ಭಾನುಪ್ರಿಯಾಗೆ ಅದೇ ಸಂಬಂಧ ನಿಶ್ಚಯವಾಯಿತೆಂದು ಕೇಳಿ ಸಂತೋಷವಾಯಿತು. ತುಂಬಿದ ಮನೆ ಸೇರಲಿ, ನೂರು ಕಾಲ ಬಾಳಲಿ ಎಂದು ಹರಸಿದ್ದೇನೆಂದು ಹೇಳು. ಮದುವೆಗೆ ಎಲ್ಲರೂ ಬರುತ್ತೇವೆ. ಭಾವನವರಿಗೆ ನಮಸ್ಕಾರ.

ಇತಿ ನಿನ್ನ
ಗಿರಿಜೆ

ಮರೆತ ಮಾತಲ್ಲ, ಬರೆಯಲಾಗದೆ ಉಳಿದದ್ದು: ಮೈಸೂರಿನಿಂದ ಬಂದ ಮೇಲೆ ದಯಾನಂದ ಮನೆಗೆ ಬಂದಿದ್ದ. "ಫೋನ್ ಮಾಡಿದ್ದು ನಮ್ಮ ವಿಮಲಾ ಮೇಡಂ ಕಣಮ್ಮ. ಅಕ್ಷರ ಕಲಿಸ್ದೋರು ಸುಳ್ಳು ಹೇಳ್ತಾರೆ ಅಂತ ಹೆಂಗೆ ಅನ್ಕಳ್ಳಲಿ?" ಎಂದ. ನಂಬದೆ ಭಾನುಗೆ ಫೋನ್ ಮಾಡಿದೆ. ಹೋದ ವರ್ಷ ಪೇಪರಿನಲ್ಲಿ ಬಂದ ನನ್ನ ಈಜುಡುಗೆಯ ಫೋಟೋ ತೋರಿಸಿ ಹುಡುಗನ ಕಡೆಯವರು ಮೂಗು ಮುರಿದು "ಇವ್ರು ನಿಮ್ಮ ತಂಗೀನಾ?" ಎಂದು ಕೇಳಿದ್ದನ್ನು ಅವಳು ಅಳುತ್ತಾ ಹೇಳಿದಳು. ಅವಳನ್ನು ಬೈಯಬೇಡ. ಅಕ್ಕ, ನಾನು ಸೊಸೆಯನ್ನು ಅನುಮಾನಿಸಿದೆ, ಕಟ್ಟಿಕೊಂಡ ಗಂಡನನ್ನು ಅನುಮಾನಿಸಿದೆ, ನಿಪ್ಪಟ್ಟು ಕೊಟ್ಟವಳನ್ನೂ ಅನುಮಾನಿಸಿದೆ. ನಿನ್ನನ್ನು ಮಾತ್ರ ಒಂದು ಗಳಿಗೆಯೂ ಅನುಮಾನಿಸಲಿಲ್ಲ. "ನಂಗೆ ನಾಚಿಕೆಯಾಗುತ್ತೆ, ಬಿಟ್ಟುಬುಡು ಕಣೇ" ಎಂದು ನೀನು ನನಗೇ ಹೇಳಿದ್ದರೆ ಆವತ್ತೇ ಬಿಟ್ಟುಬಿಡುತ್ತಿದ್ದೆ. ಬೇರೆ ಯಾರು ಹೇಳಿದ್ದರೂ ಬಿಡುತ್ತಿರಲಿಲ್ಲ.