ಕೊಟ್ರಮ್ಮ ಕೇಳಿದ್ದು

ಸೊರಬ
ಭಾನುವಾರ, 8-2-1959

ಶ್ರೀ ಬೆನಕಪ್ಪನವರಿಗೆ ನಿರ್ಮಲಳ ನಮಸ್ಕಾರಗಳು.

ನಿಮ್ಮ ಹೆಸರನ್ನು ನಾನು ಕೈಯಾರೆ ಬರೆದದ್ದು ಇದೇ ಮೊದಲು. ಮದುವೆಯಾದಾಗಿನಿಂದ ‘ನಮ್ಮನೆಯವರು’ ಎಂದೇ ದಾಟಿಸಿಕೊಂಡು ಬಂದವಳು ನಾನು. ನಮ್ಮವ್ವ ಇದ್ದಿದ್ದರೆ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಆದರೆ ನಿಮ್ಮ ವಕೀಲರ ನೋಟೀಸಿನಲ್ಲಿ ನಾನು ‘ಸದರಿ ಉಪಾಧ್ಯಾಯಿನಿ’ ಆಗಿದ್ದೇನೆ. ಸದರಿ ಉಪಾಧ್ಯಾಯಿನಿಗೆ ಗಂಡನ ಹೆಸರು ಹೇಳಬಾರದೆಂಬ ಕಟ್ಟುಪಾಡು ಇರಲಾರದು ಎಂದುಕೊಂಡು ಧೈರ್ಯ ಮಾಡಿದೆ.

ನೋಟೀಸು ನಮ್ಮ ಹೆಡ್‌ಮಿಸ್ಟ್ರೆಸ್ ತುಂಗಮ್ಮನವರಿಗೆ ಬುಧವಾರ ಬಂತು. ನೀವು ಬರೆದು ಅಚ್ಚು ಹಾಕಿಸಿದ ‘ಕೊಟ್ರಮ್ಮ ಕೇಳಿದ್ದು’ ಎಂಬ ಮಕ್ಕಳ ಪುಸ್ತಕವನ್ನು ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಪೂರ್ತಿ ನಕಲು ಮಾಡಿಸಲಾಗಿದೆ, ಬರೆದವರ ಹೆಸರನ್ನು ಕೈಬಿಡಲಾಗಿದೆ, ಕಥೆಯ ಹುಡುಗಿಯ ಹೆಸರನ್ನೂ ಬದಲಿಸಲಾಗಿದೆ, ಆದ್ದರಿಂದ ನಕಲುಗಳನ್ನೆಲ್ಲ ಒಟ್ಟು ಮಾಡಿ ಸುಟ್ಟುಹಾಕಿ ಕ್ಷಮಾಪಣೆ ಬರೆದುಕೊಡತಕ್ಕದ್ದು. ಇಷ್ಟು ಅದರ ಸಾರಾಂಶ. ಆ ಕ್ಲಾಸಿನವಳು ನಾನೇ ಎಂದು ನಿಮಗೆ ಗೊತ್ತಿರಲಿಲ್ಲ ಎಂದು ನಂಬುವಷ್ಟು ಪೆದ್ದಿ ನಾನಲ್ಲ. ನಾಲ್ಕು ಸಾಲು ಬರೆದು ಶಿಕಾರಿಪುರದಲ್ಲಿ ಬಸ್ಸಿನವರ ಕೈಯಲ್ಲಿ ಕೊಟ್ಟಿದ್ದರೂ ಸಂಜೆಯೊಳಗೆ ನನಗೆ ಮುಟ್ಟುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದು ಕಾರ್ಡು ಹಾಕದವರು ಕೊನೆಗೆ ವಕೀಲರ ಕೈಯಲ್ಲಿ ಬರೆಸಿದಿರಿ.

ತುಂಗಮ್ಮನವರು ಒಳ್ಳೆಯವರು. ಇನ್‌ಸ್ಪೆಕ್ಟರ್ ಆಫೀಸಿಗೆ ಹೋಗಿ ಹೊಸ ಕಾಯಿದೆ ಏನೆನ್ನುತ್ತದೆ ಎಂದು ಕೇಳಿಕೊಂಡು ಬಂದು ನನ್ನನ್ನು ಕರೆಸಿದರು. “ಪಾಠ ಹೇಳುವಾಗ ಬರೆಸಿದ್ರೆ, ಮಕ್ಕಳು ಬರ್ಕೊಂಡ್ರೆ ತಪ್ಪಿಲ್ಲ ಕಣ್ರೀ ನಿರ್ಮಲಮ್ಮ, ಕಾಯ್ದೆನೇ ಬಿಡ್ತದೆ. ಆದ್ರೆ ಬರ್ದೋರ ಹೆಸರು ನುಂಗೋದು, ಕಥೆ ಒಳಗಿನ ಹುಡುಗಿ ಹೆಸರು ತೆಗೆಯೋದು, ಅದನ್ನ ಯಾರೂ ಒಪ್ಪಲ್ಲ. ಯಾಕೆ ತೆಗೆದ್ರಿ?” ಎಂದು ಕೇಳಿದರು. ಆ ಬೆನಕಪ್ಪನವರು ನನಗೇನಾಗಬೇಕು ಎಂದು ಅವರಿಗೆ ಗೊತ್ತಿಲ್ಲ. ಕೊಟ್ರಮ್ಮ ಯಾರೆಂದೂ ಗೊತ್ತಿಲ್ಲ. ಸೊರಬದಲ್ಲಿ ನಾನು ಮಕ್ಕಳಿಲ್ಲದವಳು. ಬಂದ ಹೊಸದರಲ್ಲಿ ಯಾರೋ ಕೇಳಿದರು, ಇಲ್ಲ ಎಂದೆ, ಅದೇ ನಿಂತುಹೋಯಿತು.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಹೋದ ಜೂನ್‌ನಲ್ಲಿ ಶಾಲೆಗೆ ಒಂದು ಪೆಟ್ಟಿಗೆ ಲೈಬ್ರರಿ ಪುಸ್ತಕಗಳು ಬಂದವು. ನನ್ನ ಕ್ಲಾಸಿನ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನರಿಗೆ ಓದಲು ಸ್ವಂತ ಪುಸ್ತಕವೇ ಇಲ್ಲ. ತುಂಗಮ್ಮನವರು ಪೆಟ್ಟಿಗೆಯಿಂದ ತೆಳುವಾದ ಒಂದು ಪುಸ್ತಕ ಎತ್ತಿ, ಇದರಲ್ಲಿ ದಿನಾ ಒಂದು ಪುಟ ಉಕ್ತಲೇಖನ ಕೊಡಿ, ಬರವಣಿಗೆಯೂ ಆಯಿತು, ವರ್ಷದ ಕೊನೆಗೆ ಎಲ್ಲರ ಕೈಗೂ ಒಂದೊಂದು ಪುಸ್ತಕವೂ ಆಯಿತು ಎಂದು ನನ್ನ ಕೈಗಿಟ್ಟರು. ರಟ್ಟು ನೋಡಿದೆ. ನಿಮ್ಮ ಪುಸ್ತಕ. ಬೇರೆ ಪುಸ್ತಕ ಕೊಡಿ ಎನ್ನಬಹುದಿತ್ತು. ಏಕೆ ಎಂದು ಕೇಳಿದರೆ ಏನು ಹೇಳುವುದು? ತೆಗೆದುಕೊಂಡು ಕ್ಲಾಸಿಗೆ ಹೋದೆ.

ಉಕ್ತಲೇಖನವೆಂದರೆ ಮೊದಲ ಹಾಳೆಯಿಂದ ಶುರು, ಪುಸ್ತಕದ ಹೆಸರು, ಬರೆದವರ ಹೆಸರು. ನಾನೇ ಮಕ್ಕಳಿಗೆ ಹಾಗೆ ಕಲಿಸಿದ್ದೇನೆ. ಆವತ್ತು ಆ ಒಂದು ಹಾಳೆಯ ಮೇಲೆ ಎರಡು ಹೆಸರಿದ್ದವು. ಒಂದು ನಾನು ಹೇಳಬಾರದ್ದು, ಇನ್ನೊಂದು ನನ್ನಿಂದ ಹೇಳಲಾಗದ್ದು. ಹಾಳೆ ಮಗುಚಿ ಎರಡನೆಯದರಿಂದ ಶುರು ಮಾಡಿದೆ. ಅಲ್ಲಿಯೂ ಮೊದಲ ಸಾಲಿನಲ್ಲೇ ಇದ್ದಾಳಲ್ಲ ಅವಳು, “ಕೊಟ್ರಮ್ಮ ಕುಂಬಾರನನ್ನು ಕೇಳಿದಳು” ಅಂತ. ನಾನು “ಹುಡುಗಿ ಕುಂಬಾರನನ್ನು ಕೇಳಿದಳು” ಎಂದೆ. ಚಂದ್ರಗುತ್ತಿಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುವ ಗುಡ್ಡಮ್ಮ ಎಂಬುವಳೊಬ್ಬಳಿದ್ದಾಳೆ, ಬಾಯಿ ಜೋರು. ಎದ್ದು ನಿಂತು, “ಅಕ್ಕೋರೆ, ಆ ಹುಡುಗಿಗೆ ಹೆಸರಿಲ್ವೇನ್ರೀ?” ಎಂದಳು. “ನಿಮ್ ನಿಮ್ಮ ಹೆಸರೇ ಬರ್ಕೊಳ್ರೇ” ಎಂದುಬಿಟ್ಟೆ.

ಅವರ ಸಂಭ್ರಮ ನೀವು ನೋಡಬೇಕಿತ್ತು. ಮಾಸ್ತಮ್ಮ ಕುಂಬಾರನನ್ನು ಕೇಳಿದಳು, ಹುಲಿಗೆಮ್ಮ ಬಸ್ಸಿನ ಕಂಡಕ್ಟರನನ್ನು ಕೇಳಿದಳು, ಶೇಷಮ್ಮ ಗೀಜಗನ ಹಕ್ಕಿಯನ್ನು ಕೇಳಿದಳು. ಉಕ್ತಲೇಖನವೆಂದರೆ ಹೊಟ್ಟೆನೋವು ಬರುತ್ತಿದ್ದ ಹುಡುಗಿಯರು ಗಂಟೆ ಹೊಡೆಯುವ ಮೊದಲೇ ಸ್ಲೇಟು ಪಕ್ಕಕ್ಕಿಟ್ಟು ಹಾಳೆ ಬಿಡಿಸಿಕೊಂಡು ಕೂರುತ್ತಿದ್ದರು. ಮನೆಯಿಂದ ದಬ್ಬಣ, ಗೋಣಿದಾರ ತಂದು ಹೊಲಿದುಕೊಂಡರು. ದೀಪಾವಳಿ ರಜಕ್ಕೆ ಗುಡ್ಡಮ್ಮ ತನ್ನ ಪ್ರತಿಯನ್ನು ಊರಿಗೆ ಒಯ್ದಳು. ಅಲ್ಲಿನ ಮಾಸ್ತರರು ನೋಡಿ ತಮ್ಮ ಮಕ್ಕಳಿಗೂ ಬರೆಸಿದರು. ಆಮೇಲೆ ಯಾರದೋ ಮದುವೆಗೆಂದು ನೀವು ಚಂದ್ರಗುತ್ತಿಗೆ ಹೋದಿರಿ. ಜಗಲಿಯ ಮೇಲೆ ಒಂದು ಮಗು ಗಟ್ಟಿಯಾಗಿ ಓದುತ್ತಿದ್ದದ್ದು ಕೇಳಿ ಹತ್ತಿರ ಹೋದಿರಿ ಎಂದು ನೋಟೀಸಿನಲ್ಲಿ ಬರೆಸಿದ್ದೀರಿ. ಪ್ರತಿ ಮಾತೂ ನಿಮ್ಮದು, ಹೆಸರು ಮಾತ್ರ ನಿಮ್ಮ ಮಗಳದಲ್ಲ. ಆಗ ನಿಮ್ಮ ಮುಖ ಹೇಗಾಗಿರಬೇಕೆಂದು ನನಗೆ ಗೊತ್ತು. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಅದನ್ನು ನೆನೆದೇ ಎರಡು ದಿನ ಊಟ ಸೇರಲಿಲ್ಲ.

ಆದರೆ ನನಗೂ ಒಂದು ಮಾತು ಕೇಳುವುದಿದೆ. ಆ ಪುಸ್ತಕದ ಹಕ್ಕು ನಿಮ್ಮದು ಎಂದು ಕಾಯಿದೆ ಹೇಳುತ್ತದಂತೆ. ಇರಲಿ. ಆ ಪ್ರಶ್ನೆಗಳು ಯಾರವು? ನಾನು ರೊಟ್ಟಿ ಬಡಿಯುವಾಗ ಸೆರಗು ಜಗ್ಗಿ ಜಗ್ಗಿ ಕೇಳಿದವು ಅವು. ಗಡಿಗೆಗೆ ಹೊಟ್ಟೆ ಯಾಕೆ ದಪ್ಪ, ಹಕ್ಕಿ ಗೂಡಿಗೆ ಬಾಗಿಲು ಯಾಕೆ ಕೆಳಗೆ, ಎಲ್ಲ. ಅರ್ಧ ಉತ್ತರ ನನ್ನವು. ನೀವು ವಾಚನಾಲಯದ ಬಾಗಿಲು ಹಾಕಿಕೊಂಡು ಮನೆಗೆ ಬಂದು ಊಟಕ್ಕೆ ಕೂತಾಗ ನಾನು ಹೇಳುತ್ತಿದ್ದೆ, ನೀವು ನಗುತ್ತಿದ್ದಿರಿ. ಅವಳು ಹೋಗಿ ಆರು ತಿಂಗಳು ತುಂಬುವ ಮೊದಲೇ ಅದನ್ನೆಲ್ಲ ಅಚ್ಚು ಹಾಕಿಸಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಿಮಗೆ ಬುತ್ತಿ ಕೊಡಲು ಬಂದವಳು ವಾಚನಾಲಯದ ಮೇಜಿನ ಮೇಲೆ ಅದನ್ನು ಮೊದಲ ಸಲ ಕಂಡೆ. ಯಾರೋ ಪುಣ್ಯಾತ್ಮ ಬೆರಳಿಗೆ ಎಂಜಲು ಹಚ್ಚಿಕೊಂಡು ನನ್ನ ಮಗಳ ಮಾತನ್ನು ತಿರುವಿ ಹಾಕುತ್ತಿದ್ದ. ಆಕಳಿಸುತ್ತಿದ್ದ ಬೇರೆ. ಆವತ್ತೇ ಸೊರಬಕ್ಕೆ ವರ್ಗ ಕೇಳಿ ಅರ್ಜಿ ಬರೆದೆ.

ಅವಳು ಪೂರ್ತಿ ಹೋಗಿಬಿಡಬಾರದು ಎಂದು ಹಾಗೆ ಮಾಡಿದೆ ಅಂದಿರಿ ನೀವು. ನನಗೆ ಆಗ ಅದು ಕಿವಿಗೇ ಹೋಗಲಿಲ್ಲ. ಈ ವರ್ಷ ಸ್ವಲ್ಪ ಹೋಯಿತು. ದಿನಾ ಒಂದು ಪುಟ ಗಟ್ಟಿಯಾಗಿ ಹೇಳುತ್ತಾ, ಅಷ್ಟು ಪುಟ್ಟ ಕೈಗಳು ಅದನ್ನು ಬರೆಯುವುದನ್ನು ನೋಡುತ್ತಾ, ಅವಳು ಕ್ಲಾಸಿನಲ್ಲೇ ಎಲ್ಲೋ ಕೂತಿದ್ದಾಳೆ ಅನ್ನಿಸುತ್ತಿತ್ತು. ಹೆಸರು ಹೇಳದೆ ಇದ್ದದ್ದಕ್ಕೇ ನನ್ನಿಂದ ಅಷ್ಟಾದರೂ ಆಯಿತು. ನಿಮಗೆ ಅವಳ ಹೆಸರು ಅಚ್ಚಿನಲ್ಲಿ ಇದ್ದರೆ ಜೀವ ನಿಲ್ಲುತ್ತದೆ. ನನಗೆ ಆ ಹೆಸರು ಕೇಳಿದರೆ ಜೀವ ಹೋಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಹೇಗೆ ಇರುವುದಾಗಿತ್ತು ಹೇಳಿ?

ಇನ್ನೊಂದು ವಿಷಯ. ನನ್ನ ಕ್ಲಾಸಿನಲ್ಲಿ ಸುಬ್ಬಪ್ಪ ಎಂಬುವರ ಮಗಳೊಬ್ಬಳು ಕೊನೆಯ ಸಾಲಿನಲ್ಲಿ ಕೂರುತ್ತಾಳೆ, ಮಾತು ಕಮ್ಮಿ. ಅವಳ ಹೆಸರೂ ಕೊಟ್ರಮ್ಮ. ಅವಳೊಬ್ಬಳ ಹೆಸರು ಕೂಗಲಾರದೆ ಇಡೀ ಕ್ಲಾಸಿನ ಹಾಜರಿಯನ್ನು ನಾನು ನಂಬರಿನಲ್ಲೇ ಕರೆಯುತ್ತೇನೆ. ಇದು ನಮ್ಮ ಅಕ್ಕೋರ ಶಿಸ್ತು ಎಂದು ಮಕ್ಕಳು ತಿಳಿದಿದ್ದಾರೆ. ಪ್ರತಿಗಳನ್ನು ತಿದ್ದಲು ಮನೆಗೆ ತಂದಾಗ ಅವಳದು ಕೈಗೆ ಬಂತು. ಅವಳೂ ಎಲ್ಲರಂತೆ ತನ್ನ ಹೆಸರು ಬರೆದುಕೊಂಡಿದ್ದಳು. ಎಲ್ಲ ಪ್ರತಿಗಳಲ್ಲಿ ಅದೊಂದು ನಿಮ್ಮ ಪುಸ್ತಕದಂತೆಯೇ ಇತ್ತು. ಅದನ್ನು ತಿದ್ದಲಾಗಲಿಲ್ಲ, ಹಾಗೇ ರುಜು ಹಾಕಿ ಕೊಟ್ಟೆ.

ತುಂಗಮ್ಮನವರು ನನಗೆ ಎರಡು ದಾರಿ ಇಟ್ಟರು. ಪ್ರತಿಗಳನ್ನು ಕಿತ್ತುಕೊಂಡು ಸುಡುವುದು, ಇಲ್ಲವೇ ನಾನೇ ಕ್ಲಾಸಿನಲ್ಲಿ ನಿಂತು ಹೆಸರುಗಳನ್ನು ಸರಿ ಮಾಡಿಸುವುದು, ಅದಕ್ಕೆ ನಿಮ್ಮ ಒಪ್ಪಿಗೆ ಬಂದರೆ ಸುಡುವುದು ಬೇಡ. ಹೊಲಿದ ಪುಸ್ತಕವನ್ನು ಎದೆಗೊತ್ತಿಕೊಂಡು ಬರುವ ಆ ಮಕ್ಕಳ ಕೈಯಿಂದ ಅದನ್ನು ಕಸಿಯುವುದು ನನ್ನಿಂದಾಗದು. ಸರಿ ಮಾಡಿಸುತ್ತೇನೆ ಎಂದೆ.

ನಿನ್ನೆ ಶನಿವಾರ ಬೆಳಗಿನ ಕ್ಲಾಸು. ಎಲ್ಲರೂ ಮುಂದೆ ಒಂದು ಹಾಳೆ ಸೇರಿಸಿಕೊಳ್ಳಿ, ಪುಸ್ತಕಕ್ಕೆ ಹೆಸರಿದೆ, ನಾನು ಹೇಳುವುದು ಮರೆತಿದ್ದೆ ಎಂದೆ. ಮನೆಯಲ್ಲಿ ಹತ್ತು ಸಲ ಹೇಳಿಕೊಂಡು ಹೋಗಿದ್ದೆ. ಬಾಯಿ ತೆರೆದು “ಕೊಟ್ರಮ್ಮ” ಎಂದೆ, ಅಷ್ಟೇ. ಮುಂದಿನ ಶಬ್ದ ಬರುವ ಮೊದಲೇ ಕೊನೆಯ ಸಾಲಿನಲ್ಲಿ ಸುಬ್ಬಪ್ಪನವರ ಮಗಳು ಎದ್ದು ನಿಂತು, “ಬಂದೆ ಅಕ್ಕೋರೆ” ಎಂದಳು.

ಪಾಪ, ವರ್ಷದಲ್ಲಿ ಮೊದಲ ಸಲ ನಾನು ಅವಳನ್ನು ಹೆಸರು ಹಿಡಿದು ಕರೆದೆ ಎಂದುಕೊಂಡಿದ್ದಳು. ಖುಷಿಯಿಂದ ಬೆಂಚು ದಾಟಿಕೊಂಡು ಬರುತ್ತಲೇ ಇದ್ದಳು. ಆ ಹೆಸರು ಕೂಗಿದರೆ ಒಂದು ಮಗು ಓಗೊಟ್ಟು ಬಂದು ಎದುರಿಗೆ ನಿಲ್ಲುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆನಲ್ಲ. ನಾನು ಮೇಜು ಹಿಡಿದುಕೊಂಡೆ. ಎಷ್ಟೇ ತಡೆದರೂ ನಿಲ್ಲಲಿಲ್ಲ, ಮಕ್ಕಳೆದುರೇ ಅತ್ತೆ. ಅವಳು ಹೆದರಿ ನನ್ನ ಸೆರಗು ಹಿಡಿದು ನಿಂತಿದ್ದಳು. ಗುಡ್ಡಮ್ಮ ನೀರು ತಂದುಕೊಟ್ಟಳು. ಆಮೇಲೆ ಪುಸ್ತಕದ ಹೆಸರು ಪೂರ್ತಿ ಬರೆಸಿದೆ. ನಿಮ್ಮ ಹೆಸರನ್ನೂ ಇಡೀ ಕ್ಲಾಸಿಗೆ ಕೇಳುವಂತೆ ಹೇಳಿ ಬರೆಸಿದೆ.

ಒಳಗಿನ ಹೆಸರುಗಳನ್ನೂ ಹೊಡೆದುಹಾಕಿಸಿದೆ. “ನಂದೂ ಹೊಡೀಬೇಕೇನ್ರೀ?” ಎಂದು ಗುಡ್ಡಮ್ಮ ಕೇಳಿದಾಗ ಹೂಂ ಎಂದೆ. ಮೂಗು ಒರೆಸಿಕೊಳ್ಳುತ್ತಾ ಹೊಡೆದಳು. ಚಂದ್ರಗುತ್ತಿಯ ಮಾಸ್ತರರಿಗೂ ಕಾಗದ ಹಾಕಿದ್ದೇನೆ. ನಿಮ್ಮ ಮಗಳ ಹೆಸರು ಈಗ ಎಲ್ಲ ಪ್ರತಿಗಳಲ್ಲೂ ಇದೆ.

ನಾನು ಬೇಡುವುದು ಇಷ್ಟೇ. ಆ ಪ್ರತಿಗಳನ್ನು ಸುಡಿಸಬೇಡಿ. ತುಂಗಮ್ಮನವರಿಗೆ ಎರಡು ಸಾಲು ಬರೆಯಿರಿ. ಪುಸ್ತಕ ಬರೆದವರಿಗೆ ನನ್ನ ಕ್ಷಮಾಪಣೆ ಬೇರೆ ಹಾಳೆಯಲ್ಲಿದೆ, ರುಜು ಸಮೇತ. ಗಂಡನಿಗೆ ನಾನು ಯಾವ ಕ್ಷಮಾಪಣೆಯನ್ನೂ ಬರೆದಿಲ್ಲ, ಅವರಿಂದ ಕೇಳುವುದೂ ಇಲ್ಲ. ವಾಚನಾಲಯದಲ್ಲಿ ಧೂಳು ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ. ಕೆಮ್ಮು ಬಂದರೆ ಸುಮ್ಮನೆ ಕೂರಬೇಡಿ.

ಇಂತಿ,
ಸದರಿ ಉಪಾಧ್ಯಾಯಿನಿ
ನಿರ್ಮಲ

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಪುಸ್ತಕದ ಕೊನೆಯ ಪಾಠದಲ್ಲಿ ಕೊಟ್ರಮ್ಮ ಚಂದ್ರನನ್ನು, ಹಗಲು ಎಲ್ಲಿ ಹೋಗುತ್ತೀಯ ಎಂದು ಕೇಳುತ್ತಾಳೆ. ಅದು ಅವಳು ಕೇಳಿದ್ದಲ್ಲ, ನೀವು ಕಟ್ಟಿದ್ದು. ಕೊನೆಗೆ ಏನು ಕೇಳಿದಳು ಎಂದು ನೀವು ಎಷ್ಟು ಗೋಗರೆದರೂ, ಜ್ವರದಲ್ಲಿ ಮಾತೇ ಇರಲಿಲ್ಲ ಎಂದೆ. ಸುಳ್ಳು. ನೀವು ವಾಚನಾಲಯದ ಪುಸ್ತಕ ತರಲು ಶಿವಮೊಗ್ಗಕ್ಕೆ ಹೋಗಿದ್ದ ಆ ಮಧ್ಯಾಹ್ನ ಕಣ್ಣು ಬಿಟ್ಟು, “ಅವ್ವಾ, ಅಪ್ಪಾಜಿ ಬಂದ್ರಾ?” ಎಂದು ಕೇಳಿದಳು. “ಬಂದ್ರವ್ವಾ, ಹಿತ್ಲಾಗೆ ಕಾಲು ತೊಳೀತಾ ಅದಾರೆ” ಎಂದೆ ನಾನು. ಹಿತ್ತಲ ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಕಾಯುತ್ತಾ ಮಲಗಿದಳು. ಆಮೇಲೆ ಈ ಕಡೆ ತಿರುಗಲಿಲ್ಲ. ಮೊದಲು ನೀವು ತಡೆಯಲಾರಿರಿ ಎಂದು ಹೇಳಲಿಲ್ಲ, ಆಮೇಲೆ ನೀವು ಬರೆದುಬಿಡುತ್ತೀರಿ ಎಂದು ಹೇಳಲಿಲ್ಲ. ಇನ್ನು ನನ್ನೊಬ್ಬಳ ಹತ್ತಿರ ಇಟ್ಟುಕೊಳ್ಳಲಾರೆ, ಇದು ನಿಮ್ಮದು. ಇದನ್ನು ಮಾತ್ರ ಅಚ್ಚು ಹಾಕಿಸಬೇಡಿ, ರೀ.