ಬ್ಯಾಟಿನ ಮೇಲಿನ ಕುಂಕುಮ

೧೧ ಅಕ್ಟೋಬರ್ ೨೦೦೯, ಭಾನುವಾರ

ಇಂಟರ್ನೆಟ್ಟಿನಲ್ಲಿ ಜಾಹೀರಾತು ನೋಡಿ ನನ್ನ ಹಳೆಯ ಬ್ಯಾಟ್ ಕೊಳ್ಳಲು ಲೋಹಿತ್ ಎಂಬಾತ ಉದಯಗಿರಿಯ ಮೈದಾನಕ್ಕೆ ಬಂದಿದ್ದ. ಹೀಗೆ ಕೊಳ್ಳಲು ಬಂದವರು ಒಳ್ಳೆಯ ಬ್ಯಾಟ್ ಬಚ್ಚಿಟ್ಟು ನಕಲಿ ಕೊಟ್ಟು ಹೋಗುತ್ತಾರೆಂದು ಕೇಳಿದ್ದೆ. ಅವನು ನೆಟ್ಸ್‌ನಲ್ಲಿ ಆಡಿ ನೋಡಿ, "ಬೇಡ ಗುರು, ಭಾರ ಜಾಸ್ತಿ" ಎಂದು ವಾಪಸು ಕೊಟ್ಟ. ಆಯುಧಪೂಜೆಗೆ ಹಚ್ಚಿದ್ದ ಕುಂಕುಮ ಅದರ ಮೇಲಿರಲಿಲ್ಲ.

"ಬದಲಾಯಿಸ್ಬುಟ್ಯಾ, ಕಳ್ ನನ್ಮಗನೇ!"

ಅದೇ ಬ್ಯಾಟಿನಿಂದ ಬಾರಿಸಿದೆ. "ನಿಮ್ದೇ ಕಣಣ್ಣ ಇದು" ಎಂದು ಕೂಗುತ್ತಲೇ ಇದ್ದ. ಅವನ ದವಡೆ ಮುರಿದ ಸದ್ದು ಕೇಳಿದ ಮೇಲಷ್ಟೇ ನಿಲ್ಲಿಸಿದೆ.

ಮನೆಗೆ ಬಂದು ಹೇಳಿದಾಗ ಅಮ್ಮನ ಮುಖ ಬಿಳಿಚಿಕೊಂಡಿತು. "ಪೂಜೆ ಕುಂಕುಮಾನ ಮಾರೋ ಸಾಮಾನಿನ ಜೊತೆ ಕಳಿಸ್ಬಾರ್ದು ಅಂತ ಬೆಳಿಗ್ಗೆ ನಾನೇ ಒರೆಸ್ದೆ ಕಣೋ."

ಬ್ಯಾಟು ಬಾಗಿಲ ಹಿಂದಿದೆ. ಕುಂಕುಮವಿದ್ದ ಜಾಗದಲ್ಲೇ ಅವನ ರಕ್ತ ಒಣಗಿದೆ. ಅದನ್ನು ಅಮ್ಮ ಒರೆಸಲಿಲ್ಲ.